ಬಿಟ್ಟ ಕ್ಯಾಚಿಗೆ ಲೆಕ್ಕ ಎಲ್ಲಿದೆ?

2026ರ ಫೆಬ್ರುವರಿ ಕೊನೆಯಲ್ಲಿ ರಣಜಿ ಫೈನಲ್ ಮುಗಿದ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ವಾದ ಬಹಳ ದಿನ ನಡೆಯಿತು. ಚಿಗರಿ ಬಸ್ಸಿನಲ್ಲಿ, ಚಾದಂಗಡಿ ಮುಂದೆ, ಕಾಲೇಜಿನ ಕಟ್ಟೆಯ ಮೇಲೆ, ಎಲ್ಲಿ ನಿಂತರೂ ಅದೇ ಮಾತು. ಮನೆಯಂಗಳದಂಥ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಆಡಿದ ಫೈನಲ್. ಎದುರಿಗೆ 1959-60ರಿಂದ ರಣಜಿ ಆಡುತ್ತಿದ್ದರೂ ಒಮ್ಮೆಯೂ ಕಪ್ ಮುಟ್ಟದ ಜಮ್ಮು-ಕಾಶ್ಮೀರ. ಅವರು ಮೊದಲ ಇನಿಂಗ್ಸ್‌ನಲ್ಲಿ 584 ಹೊಡೆದರು, ಕರ್ನಾಟಕ 293ಕ್ಕೆ ಮುಗಿಯಿತು. ಪಂದ್ಯ ಡ್ರಾ ಆಯಿತು. ಆದರೆ ಇನಿಂಗ್ಸ್ ಮುನ್ನಡೆ ಅವರದಾದ್ದರಿಂದ ಕಪ್ ಕಾಶ್ಮೀರಕ್ಕೆ ಹೋಯಿತು.

“ಬೌಲಿಂಗ್‌ನ್ಯಾಗ ಧಮ್ ಇರಲಿಲ್ರೀ. ಆರುನೂರರ ಹತ್ತಿರ ಕೊಟ್ಟ ಮ್ಯಾಲೆ ಬೆನ್ನು ಹತ್ತೋರು ಯಾರು?” ಎಂದು ಒಬ್ಬರು. “ಅದ ಪಿಚ್ ಮ್ಯಾಲೆ ಅವರು ಹೊಡದ್ರು, ನಮ್ಮವರು ಮುನ್ನೂರು ಸೈತ ಮುಟ್ಟಲಿಲ್ಲ. ಬೌಲರ್ ಏನ್ ಮಾಡ್ಯಾನೋ ತಮ್ಮಾ?” ಎಂದು ಇನ್ನೊಬ್ಬರು. ಇವರಿಬ್ಬರ ನಡುವೆ ಯಾರಾದರೂ ಒಬ್ಬ ಹುಡುಗ, “ಫೀಲ್ಡಿಂಗ್ ನೋಡಿದ್ರೇನ್ರೀ ಕಾಕಾ?” ಎಂದು ಕೇಳುತ್ತಿದ್ದ. ಅವನ ಮಾತನ್ನು ಯಾರೂ ಮುಂದುವರಿಸುತ್ತಿರಲಿಲ್ಲ. ಮೊದಲಿನ ಇಬ್ಬರ ಕೈಯಲ್ಲಿ ಅಂಕಿಗಳಿದ್ದವು, ಈ ಹುಡುಗನ ಕೈಯಲ್ಲಿ ಒಂದೂ ಇರಲಿಲ್ಲ. ಅಂಕಿ ಇಲ್ಲದ ವಾದ ಎಷ್ಟು ಸರಿಯಿದ್ದರೂ ನಿಲ್ಲುವುದಿಲ್ಲ. ಆ ಹುಡುಗನ ಪರವಾಗಿ ಇಲ್ಲಿ ನಾಲ್ಕು ಮಾತು ಬರೆಯಬೇಕಾಗಿದೆ.

ಮೊದಲು ಆ ಫೈನಲ್ಲಿನ ಬಗ್ಗೆಯೇ ಹೇಳಿಬಿಡುತ್ತೇನೆ. ಅಲ್ಲಿ ಮೊದಲ ಹೊಣೆ ಬೌಲಿಂಗಿನದು ಎಂಬುದೇ ನನ್ನ ತೀರ್ಮಾನ. ಮೊದಲ ಇನಿಂಗ್ಸ್ ಮುನ್ನಡೆಯೇ ಕಪ್ಪನ್ನು ನಿರ್ಧರಿಸುವ ಪಂದ್ಯದಲ್ಲಿ ಎದುರಾಳಿ ಮೂರನೇ ದಿನದವರೆಗೂ ಬ್ಯಾಟ್ ಮಾಡಿದರೆ ಅರ್ಧ ಪಂದ್ಯ ಆಗಲೇ ಕೈಬಿಟ್ಟಂತೆ. 584 ಎಂಬ ಅಂಕಿ ಬೋರ್ಡಿನ ಮೇಲಿದ್ದಾಗ ಕ್ರೀಸಿಗೆ ಬರುವ ಬ್ಯಾಟರನ ಕಾಲು, ಕಣ್ಣು, ಮನಸ್ಸು ಮೂರೂ ದಣಿದಿರುತ್ತವೆ. ಎರಡು ದಿನಕ್ಕೂ ಹೆಚ್ಚು ಹೊತ್ತು ಬಿಸಿಲಲ್ಲಿ ನಿಂತು ಬಂದವನು ಅವನು. ಆಮೇಲೆ ಬಾರಾಮುಲ್ಲಾದ ವೇಗಿ ಔಕಿಬ್ ನಬಿ ಐದು ವಿಕೆಟ್ ಕಿತ್ತರು. ಮಯಂಕ್ ಅಗರವಾಲ್ ಒಬ್ಬರೇ 160 ಹೊಡೆದರು, ಉಳಿದವರೆಲ್ಲ ಮತ್ತು ಇತರೆ ರನ್ ಸೇರಿ 133. ಬ್ಯಾಟಿಂಗ್ ಕುಸಿಯಿತು ಎಂಬುದೂ ನಿಜವೇ. ಆದರೆ ಆ ಕುಸಿತದ ಬೇರು ಹಿಂದಿನ ಎರಡು ದಿನಗಳಲ್ಲಿತ್ತು.

ಇಷ್ಟು ಹೇಳಿದರೂ ಪ್ರಶ್ನೆ ಪೂರ್ತಿ ತೀರುವುದಿಲ್ಲ. ಆ 584ರಲ್ಲಿ ಎಷ್ಟು ರನ್ ಬೌಲರ್ ಕೊಟ್ಟದ್ದು, ಎಷ್ಟು ರನ್ ಕೈತಪ್ಪಿದ ಚೆಂಡಿನಿಂದ, ತಡವಾಗಿ ಬಂದ ಥ್ರೋದಿಂದ ಹೋದದ್ದು? ಸ್ಕೋರ್ ಕಾರ್ಡು ಅದನ್ನು ಹೇಳುವುದಿಲ್ಲ. ಕ್ರಿಕೆಟ್ಟಿನ ಯಾವ ಸ್ಕೋರ್ ಕಾರ್ಡೂ ಹೇಳುವುದಿಲ್ಲ. ಕ್ಯಾಚ್ ಹಿಡಿದವನ ಹೆಸರು ಅಚ್ಚಾಗುತ್ತದೆ, ಬಿಟ್ಟವನ ಹೆಸರಿಗೆ ಜಾಗವಿಲ್ಲ. ಕಿರಾಣಿ ಅಂಗಡಿಯವನು ಕೈಗೆ ಬಂದ ರೊಕ್ಕ ಮಾತ್ರ ಬರೆದಿಟ್ಟು, ಉದ್ರಿ ಕೊಟ್ಟದ್ದನ್ನು ಬರೆಯದೆ ಬಿಟ್ಟರೆ ವರ್ಷದ ಕೊನೆಗೆ ನಷ್ಟ ಎಲ್ಲಿ ಆಯಿತೆಂದು ಅವನಿಗೆ ತಿಳಿಯುವುದು ಹೇಗೆ? ನಮ್ಮ ಕ್ರಿಕೆಟ್ ಲೆಕ್ಕ ನೂರಾರು ವರ್ಷಗಳಿಂದ ನಡೆದಿರುವುದು ಹೀಗೆಯೇ.

ಇದೇ ರಾಜನಗರದ ಮೈದಾನ ಇಂಥದೇ ಇನ್ನೊಂದು ದಿನವನ್ನು ಕಂಡಿದೆ. 2012ರ ಡಿಸೆಂಬರ್. ಕರ್ನಾಟಕ ಮತ್ತು ಹರಿಯಾಣ. ಹರಿಯಾಣದ ಏಳು ವಿಕೆಟ್ ಬಿದ್ದಾಗಿತ್ತು. ಕ್ರೀಸಿನಲ್ಲಿ ಇಬ್ಬರು ಸ್ಪಿನ್ನರ್‌ಗಳು, ಅಮಿತ್ ಮಿಶ್ರಾ ಮತ್ತು ಜಯಂತ್ ಯಾದವ್. ಇನ್ನೇನು ಇನಿಂಗ್ಸ್ ಮುಗಿಯಿತು ಎನ್ನುವ ಹೊತ್ತು. ಆ ಇಬ್ಬರು ಎಂಟನೇ ವಿಕೆಟ್ಟಿಗೆ 392 ರನ್ ಸೇರಿಸಿದರು. ಮಿಶ್ರಾ ಔಟಾಗದೆ 202, ಯಾದವ್ 211. ಭಾರತದ ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಎಂಟನೇ ವಿಕೆಟ್ಟಿಗೆ ಅಷ್ಟು ದೊಡ್ಡ ಜೊತೆಯಾಟ ಅದಕ್ಕೂ ಮುಂಚೆ ನಡೆದಿರಲಿಲ್ಲ. ಅಂಥ ಒಂದು ದಿನಕ್ಕೆ ಬರಿ ಬೌಲರನ್ನೇ ಬೈದರೆ ನ್ಯಾಯವಾಗುತ್ತದೆಯೇ? ಜೊತೆಯಾಟ ಬೆಳೆಯುವ ಬಗೆ ಆಟ ಬಲ್ಲವರಿಗೆ ಗೊತ್ತು. ಮೊದಲ ಅರ್ಧ ಗಂಟೆ ಕ್ಯಾಪ್ಟನ್ ಸ್ಲಿಪ್‌ನಲ್ಲಿ ಇಬ್ಬರನ್ನಿಟ್ಟು ದಾಳಿ ಮಾಡುತ್ತಾನೆ. ಐವತ್ತು ದಾಟಿದ ಮೇಲೆ ಸ್ಲಿಪ್‌ನ ಒಬ್ಬ ಕವರಿಗೆ ಹೋಗುತ್ತಾನೆ. ನೂರಾದ ಮೇಲೆ ಫೀಲ್ಡರುಗಳೆಲ್ಲ ಗೆರೆಯ ಹತ್ತಿರ. ಆಗ ಒಂದೊಂದು ರನ್ ಪುಕ್ಕಟೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಮೇಲೆ ಕೈ ಊರಿ ನಿಂತ ಫೀಲ್ಡರ್ ಚೆಂಡಿನ ಕಡೆಗೆ ಮೊದಲ ಹೆಜ್ಜೆ ಇಡುವುದೇ ತಡವಾಗುತ್ತದೆ. ಎರಡನೇ ರನ್ ಹುಟ್ಟುವುದು ಆ ಅರ್ಧ ಹೆಜ್ಜೆಯಲ್ಲಿ. ಬೌಲರಿನ ಲೆಕ್ಕಕ್ಕೆ ಎರಡು ರನ್ ಬರೆಯುತ್ತಾರೆ. ಅದರಲ್ಲಿ ಒಂದು ಅವನದಲ್ಲ.

ಬ್ಯಾಟಿಂಗ್ ಪಕ್ಷದವರಿಗೆ ಒಂದು ಹಳೆಯ ಪಂದ್ಯವನ್ನು ನೆನಪಿಸಬೇಕು. 1982ರ ರಣಜಿ ಫೈನಲ್, ದಿಲ್ಲಿಯ ಫಿರೋಜ್ ಷಾ ಕೋಟ್ಲಾ. ಕರ್ನಾಟಕ 705 ರನ್ ಹೊಡೆಯಿತು. ಬ್ರಿಜೇಶ್ ಪಟೇಲ್, ಕಿರ್ಮಾನಿ, ರೋಜರ್ ಬಿನ್ನಿ, ಖಾನ್ವಿಲ್ಕರ್, ನಾಲ್ವರದೂ ಶತಕ. 705 ಹೊಡೆದ ತಂಡ ಕಪ್ ಕಳೆದುಕೊಳ್ಳುತ್ತದೆಂದು ಯಾರು ತಾನೇ ನಂಬುತ್ತಾರೆ? ದಿಲ್ಲಿ 589ಕ್ಕೆ ಎಂಟು ವಿಕೆಟ್ ಕಳೆದುಕೊಂಡಿತ್ತು. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಒಂಬತ್ತನೇ ವಿಕೆಟ್ಟಿಗೆ ಮುರಿಯದ 118 ಸೇರಿಸಿ ತಂಡವನ್ನು 707ಕ್ಕೆ ಮುಟ್ಟಿಸಿದರು. ಎರಡೇ ರನ್ನಿನ ಮುನ್ನಡೆ, ಕಪ್ ಅವರದು. ಬ್ಯಾಟಿಂಗ್ ಅಷ್ಟು ಎತ್ತರಕ್ಕೆ ಹೋದರೂ ಸೋಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ರಾಜ್ಯದ ಕ್ರಿಕೆಟ್ಟಿನಲ್ಲಿ ಇಲ್ಲ. ಎರಡು ರನ್! ಏಳುನೂರು ರನ್ನಿನ ಇನಿಂಗ್ಸಿನಲ್ಲಿ ಕಾಲ ಕೆಳಗೆ ನುಸುಳಿದ ಒಂದೇ ಒಂದು ಚೆಂಡು ಸಾಕು ಅಷ್ಟಕ್ಕೆ.

ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಫೈನಲ್ ಇಂದಿಗೂ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. 2010ರ ಜನವರಿ, ಮುಂಬೈ ಎದುರು. ಮುಂಬೈ 233, ಕರ್ನಾಟಕ 130, ಮುಂಬೈ 234, ಕರ್ನಾಟಕ 331. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75, ಇಬ್ಬರೂ ಗೆಲುವನ್ನು ಕೈಗೆಟುಕುವಷ್ಟು ಹತ್ತಿರ ತಂದಿಟ್ಟರು. ಆಮೇಲೆ ವಿಕೆಟ್ ಉರುಳಿದವು. ಸೋತದ್ದು 6 ರನ್ನಿನಿಂದ. ಆ ಸಂಜೆ ಎಲ್ಲರೂ ಕೊನೆಯಲ್ಲಿ ಔಟಾದವರನ್ನೇ ದೂರಿದರು. ಕಣ್ಣ ಮುಂದೆ ನಡೆದದ್ದು ಅದೇ ಆದ್ದರಿಂದ ಅದು ಸಹಜ. ಆದರೆ ಕೊನೆಯ ಇನಿಂಗ್ಸಿನಲ್ಲಿ 331 ಹೊಡೆದ ತಂಡದ ಬ್ಯಾಟಿಂಗ್ ಆ ದಿನ ಸೋಲಲಿಲ್ಲ. ಸೋತದ್ದು ಮೊದಲ ಇನಿಂಗ್ಸಿನ 130ರಲ್ಲಿ. ಅಷ್ಟೇ ಅಲ್ಲ, ಮುಂಬೈನ ಎರಡನೇ ಇನಿಂಗ್ಸಿನಲ್ಲಿ ಹೆಚ್ಚು ರನ್ ಹೊಡೆದವರು ಧವಳ್ ಕುಲಕರ್ಣಿ, 87. ಅವರು ಬೌಲರ್. ಎದುರಾಳಿಯ ಬೌಲರ್ 87 ಹೊಡೆದ ಪಂದ್ಯದಲ್ಲಿ 6 ರನ್ ಎಲ್ಲಿ ಹೋಯಿತೆಂದು ಹುಡುಕುವವರು ಕೊನೆಯ ವಿಕೆಟ್ಟಿನ ಬಳಿ ಮಾತ್ರ ಹುಡುಕಿದರೆ ಏನು ಸಿಕ್ಕೀತು? ಒಂದು ನೋಬಾಲು, ಒಂದು ಓವರ್‌ಥ್ರೋ, ತಡೆಯಬಹುದಾಗಿದ್ದ ಒಂದು ಬೌಂಡರಿ. ಆರು ರನ್ ಆಗುವುದು ಇಷ್ಟರಿಂದಲೇ.

ಸೋಲಿನ ಕಾರಣವನ್ನು ಪಂದ್ಯದ ಕೊನೆಯಲ್ಲೇ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ಮೊದಲ ದಿನ ಬೆಳಿಗ್ಗೆ ಹೋದ ರನ್ನಿಗೂ ಕೊನೆಯ ದಿನ ಸಂಜೆ ಸಿಗದೇ ಹೋದ ರನ್ನಿಗೂ ಬೆಲೆ ಒಂದೇ.

ಗೆದ್ದ ಕಥೆಗಳಲ್ಲೂ ಇದೇ ಪಾಠ ಇದೆ. 1974ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬಾಂಬೆಯನ್ನು ಸೋಲಿಸಿ, ಸತತ ಹದಿನೈದು ವರ್ಷ ರಣಜಿ ಗೆದ್ದ ತಂಡದ ಓಟವನ್ನು ನಿಲ್ಲಿಸಿತು. ಕರ್ನಾಟಕ 385, ಬಾಂಬೆ 307. ನಮ್ಮ ಹಿರಿಯರು ವಿಶ್ವನಾಥರ 162ನ್ನು ನೆನೆಯುತ್ತಾರೆ, ಗಾವಸ್ಕರ್‌ ಅವರನ್ನು ಕಟ್ಟಿಹಾಕಿದ ಪ್ರಸನ್ನ ಅವರ ಸ್ಪಿನ್ ನೆನೆಯುತ್ತಾರೆ. ಎರಡೂ ನೆನೆಯಬೇಕಾದವೇ. ಆದರೆ ಆ ಇನಿಂಗ್ಸಿನಲ್ಲಿ ಬಾಂಬೆಯ ಕ್ಯಾಪ್ಟನ್ ಅಜಿತ್ ವಾಡೇಕರ್ ಚೆನ್ನಾಗಿ ನೆಲೆಯೂರಿದ್ದರು, ಅವರನ್ನು ಯಾವ ಬೌಲರೂ ಔಟ್ ಮಾಡಲಿಲ್ಲ. ಓಡುವಾಗ ಕಾಲು ಜಾರಿತು, ಅಷ್ಟರಲ್ಲಿ ಚೆಂಡು ವಿಕೆಟ್ಟಿಗೆ ಬಂದಿತ್ತು, ರನೌಟ್. ಕಾಲು ಜಾರಿದ್ದು ಅದೃಷ್ಟ ಎನ್ನಬಹುದು. ಚೆಂಡು ಆ ಹೊತ್ತಿಗೆ ಅಲ್ಲಿ ಬಂದದ್ದು ಅದೃಷ್ಟವಲ್ಲ.

ನಮ್ಮ ಊರಿನ ಹೆಸರು ಹೊತ್ತ ತಂಡವೂ ಇದನ್ನು ತೋರಿಸಿಕೊಟ್ಟಿದೆ. 2024ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್ ಮತ್ತು ಬೆಂಗಳೂರು ಬ್ಲಾಸ್ಟರ್ಸ್ ಪಂದ್ಯ ಟೈ ಆಗಿ ಒಂದಲ್ಲ, ಎರಡಲ್ಲ, ಮೂರು ಸೂಪರ್ ಓವರ್‌ವರೆಗೆ ಹೋಯಿತು. ಹುಬ್ಬಳ್ಳಿ ಗೆದ್ದಿತು. ಆ ಸೂಪರ್ ಓವರುಗಳ ನಡುವೆ ಗೆರೆಯ ಬಳಿ ಮನೀಶ್ ಪಾಂಡೆ ಹಾರಿ ತಡೆದ ಚೆಂಡು ಗೆರೆಯ ಆಚೆ ಹೋಗಿದ್ದರೆ ಮುಂದಿನ ಸೂಪರ್ ಓವರೇ ಇರುತ್ತಿರಲಿಲ್ಲ. ಸ್ಕೋರ್ ಕಾರ್ಡಿನಲ್ಲಿ ಆ ಹಾರಾಟಕ್ಕೆ ಒಂದು ಚುಕ್ಕೆಯೂ ಇಲ್ಲ.

ಹಾಗಾದರೆ ಬಿಟ್ಟ ಕ್ಯಾಚಿನ ಬೆಲೆ ಕಟ್ಟುವುದು ಹೇಗೆ? ಇದಕ್ಕೆ ಒಂದು ಟೆಸ್ಟನ್ನು ಬಿಡಿಸಿ ನೋಡಬೇಕು. 2025ರ ಜೂನ್, ಲೀಡ್ಸ್‌ನ ಹೆಡಿಂಗ್ಲೆ. ಭಾರತದ ಪರ ಐದು ಶತಕ: ಜೈಸ್ವಾಲ್, ಗಿಲ್, ರಾಹುಲ್, ಎರಡೂ ಇನಿಂಗ್ಸಿನಲ್ಲಿ ಪಂತ್. ಒಂದೇ ಟೆಸ್ಟಿನಲ್ಲಿ ಐದು ಶತಕ ಹೊಡೆದೂ ಸೋತ ತಂಡ ಅದಕ್ಕೆ ಮುಂಚೆ ಇರಲಿಲ್ಲ. ಇಂಗ್ಲೆಂಡ್ ಕೊನೆಯ ಇನಿಂಗ್ಸಿನಲ್ಲಿ 371ನ್ನು ಬೆನ್ನಟ್ಟಿ ಐದು ವಿಕೆಟ್‌ಗಳಿಂದ ಗೆದ್ದಿತು.

ಆ ಸೋಲಿಗೂ ಮೂರು ಪಕ್ಷ ಹುಟ್ಟಿದವು, ಮೂರಕ್ಕೂ ಒಳ್ಳೆಯ ಆಧಾರವಿತ್ತು. ಬ್ಯಾಟಿಂಗ್ ಪಕ್ಷದವರು ಹೇಳಿದರು: ಮೊದಲ ಇನಿಂಗ್ಸಿನಲ್ಲಿ ಕೊನೆಯ ಏಳು ವಿಕೆಟ್ 41 ರನ್ನಿಗೆ, ಎರಡನೆಯದರಲ್ಲಿ ಕೊನೆಯ ಆರು 31 ರನ್ನಿಗೆ ಬಿದ್ದವು, ಬಾಲ ಒಂದಿಷ್ಟು ಅಲ್ಲಾಡಿದ್ದರೂ ಗೆಲ್ಲುತ್ತಿದ್ದೆವು. ಬೌಲಿಂಗ್ ಪಕ್ಷದವರು ಹೇಳಿದರು: ಬೂಮ್ರಾ ಬಿಟ್ಟರೆ ಯಾರಿದ್ದಾರೆ? ಫೀಲ್ಡಿಂಗ್ ಪಕ್ಷಕ್ಕೆ ಈ ಸಲ ಟಿವಿ ಸಹಾಯ ಮಾಡಿತು. ಓಲಿ ಪೋಪ್ 60ರಲ್ಲಿದ್ದಾಗ ಸ್ಲಿಪ್‌ನಲ್ಲಿ ಕ್ಯಾಚ್ ಬಿತ್ತು, ಪೋಪ್ 106 ಹೊಡೆದರು. ಕೊನೆಯ ಇನಿಂಗ್ಸಿನಲ್ಲಿ ಬೆನ್ ಡಕೆಟ್ 97ರಲ್ಲಿದ್ದಾಗ ಕ್ಯಾಚ್ ಕೈತಪ್ಪಿತು, ಅವರು 149ಕ್ಕೆ ಹೋದರು. ಮೊದಲ ಇನಿಂಗ್ಸಿನಲ್ಲಿ ಹ್ಯಾರಿ ಬ್ರೂಕ್ ಇನ್ನೂ ಸೊನ್ನೆಯಲ್ಲಿದ್ದಾಗ ಅವರ ಕ್ಯಾಚನ್ನು ನಮ್ಮವರು ಹಿಡಿದರು, ಆದರೆ ಅದು ನೋಬಾಲ್. ಮುಂದೆ ಅವರದೊಂದು ಕ್ಯಾಚೂ ಬಿತ್ತು. ಅವರು 99 ಹೊಡೆದು ನಮ್ಮ ಪ್ರಸಿದ್ಧ್ ಕೃಷ್ಣ ಅವರಿಗೆ ಔಟಾದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಡಕೆಟ್ ಜೀವ ಸಿಕ್ಕ ಮೇಲೆ 52 ರನ್ ಹೊಡೆದರು. ಆ ಕ್ಯಾಚಿನ ಬೆಲೆ 52 ಎನ್ನಬಹುದೇ? ಬಹಳ ಜನ ಹಾಗೇ ಲೆಕ್ಕ ಹಾಕುತ್ತಾರೆ, ಅದು ತಪ್ಪು. ಡಕೆಟ್ ಔಟಾಗಿದ್ದರೆ ಬರುತ್ತಿದ್ದವನೂ ಬ್ಯಾಟ್ ಹಿಡಿದೇ ಬರುತ್ತಿದ್ದ, ಅವನೂ ಒಂದಿಷ್ಟು ಹೊಡೆಯುತ್ತಿದ್ದ. ಅವನು ಹೊಡೆಯಬಹುದಾಗಿದ್ದಷ್ಟನ್ನು ಕಳೆದು ಉಳಿದದ್ದೇ ನಷ್ಟ. ಇನ್ನೊಂದು ಕಡೆ ನಷ್ಟ ಹೆಚ್ಚೂ ಆಗುತ್ತದೆ. ನೆಲೆಯೂರಿದವನು ಇರುವವರೆಗೆ ಎದುರು ತುದಿಯಲ್ಲಿರುವವನಿಗೂ ಧೈರ್ಯ, ಚೆಂಡು ಹಳೆಯದಾಗುತ್ತ ಹೋಗುತ್ತದೆ, ಬೌಲರ್ ಇನ್ನೂ ಐದು ಓವರ್ ಹೆಚ್ಚು ಹಾಕಬೇಕಾಗುತ್ತದೆ. ಆದ್ದರಿಂದ ಸೊನ್ನೆಯಲ್ಲಿದ್ದ ಒಳ್ಳೆಯ ಬ್ಯಾಟರನ ಕ್ಯಾಚು ತುಂಬ ದುಬಾರಿ, ಹನ್ನೊಂದನೆಯವನ ಕ್ಯಾಚು ಅಷ್ಟಿಲ್ಲ. ನಿಖರವಾದ ಅಂಕಿ ಸಿಗದಿದ್ದರೂ ದಿಕ್ಕು ಸಿಗುತ್ತದೆ. ಹೆಡಿಂಗ್ಲೆಯಲ್ಲಿ ಭಾರತ 471 ಹೊಡೆದಿತ್ತು, ಇಂಗ್ಲೆಂಡ್ 465. ಪೋಪ್ ಕ್ಯಾಚು ಮತ್ತು ಬ್ರೂಕ್ ನೋಬಾಲು ಎರಡೇ ಸರಿಯಾಗಿದ್ದರೂ ಆ ಆರು ರನ್ನಿನ ಮುನ್ನಡೆ ಎಷ್ಟಾಗುತ್ತಿತ್ತು ಎಂದು ಯೋಚಿಸಿ ನೋಡಿ. ಆ ಪಂದ್ಯದ ಬಗ್ಗೆ ನನ್ನ ತೀರ್ಪು ಫೀಲ್ಡಿಂಗ್ ವಿರುದ್ಧ. ಐದು ಶತಕ ಹೊಡೆದ ತಂಡದ ಬ್ಯಾಟಿಂಗನ್ನು ಮೊದಲ ಆರೋಪಿ ಮಾಡುವುದು ನ್ಯಾಯವಲ್ಲ. ಬ್ಯಾಟರ್ ಔಟಾಗುವಂಥ ಎಸೆತ ಹಾಕಿ, ಕ್ಯಾಚ್ ಬಿದ್ದದ್ದನ್ನು ನೋಡುತ್ತ ನಿಂತ ಬೌಲರನ್ನು ಮಾಡುವುದಂತೂ ಸಲ್ಲದು.

ಈ ಮೂರು ಪಕ್ಷಗಳ ಜಗಳ ನಮ್ಮ ಊರಿನದೇ ಅಲ್ಲ, ಕ್ರಿಕೆಟ್ಟಿನದೇ ಅಲ್ಲ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಪಿಚಿಂಗ್, ಹಿಟ್ಟಿಂಗ್, ಫೀಲ್ಡಿಂಗ್ ಎಂದು ತಲೆಮಾರುಗಳಿಂದ ಇದೇ ವಾದ ಮಾಡುತ್ತಾರೆ. ಅವರಿಗೂ ನಮಗೂ ಒಂದು ವ್ಯತ್ಯಾಸವಿದೆ: ಅವರು ಫೀಲ್ಡರನ ತಪ್ಪನ್ನು ಬರೆದಿಡುತ್ತಾರೆ. ಬೇಸ್‌ಬಾಲಿನ ಸ್ಕೋರ್ ಬೋರ್ಡಿನಲ್ಲಿ ರನ್ ಮತ್ತು ಹಿಟ್ ಪಕ್ಕದಲ್ಲೇ ಎರರ್ ಎಂಬ ಮೂರನೇ ಕಾಲಂ ಇದೆ. ಈ ಪದ್ಧತಿಗೆ ಅಡಿಪಾಯ ಹಾಕಿದವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರಿನಲ್ಲಿ 1824ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಕ್ರಿಕೆಟ್ ಬಲ್ಲ ಮನುಷ್ಯನೇ ಇನ್ನೊಂದು ಆಟಕ್ಕೆ ಫೀಲ್ಡಿಂಗ್ ಲೆಕ್ಕ ಕಲಿಸಿಕೊಟ್ಟರು, ಕ್ರಿಕೆಟ್ ಮಾತ್ರ ಹಾಗೇ ಉಳಿಯಿತು.

ಅವರ ಲೆಕ್ಕದಲ್ಲೂ ಒಂದು ಕೊರತೆಯಿದೆ, ಅದು ನಮಗೆ ಉಪಯೋಗಕ್ಕೆ ಬರುವಂಥದು. ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾಗಿದ್ದ ಚೆಂಡು ತಪ್ಪಿದರೆ ಮಾತ್ರ ಎರರ್. ನಿಧಾನಗತಿಯ ಫೀಲ್ಡರ್ ಚೆಂಡಿನ ಹತ್ತಿರವೇ ಹೋಗದಿದ್ದರೆ ಅವನ ಹೆಸರಿಗೆ ತಪ್ಪಿಲ್ಲ. ಚುರುಕಾಗಿ ಓಡಿ ಬೆರಳು ತಾಗಿಸಿದವನಿಗೆ ಕೆಲವೊಮ್ಮೆ ತಪ್ಪಿನ ಗುರುತು! ಆದ್ದರಿಂದ ಈಗ ಅಲ್ಲಿ ಎಷ್ಟು ಬಿಟ್ಟ ಎನ್ನುವುದಕ್ಕಿಂತ ಎಷ್ಟು ದೂರದ ಚೆಂಡನ್ನು ತಲುಪಿದ ಎಂದು ಅಳೆಯುತ್ತಾರೆ. 2001ರಲ್ಲಿ ವೊರೋಸ್ ಮೆಕ್‌ಕ್ರಾಕನ್ ಎಂಬುವರು ಇನ್ನೂ ಮುಂದೆ ಹೋದರು. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಔಟಾಗುವುದೋ ಹಿಟ್ ಆಗುವುದೋ ಎನ್ನುವುದರಲ್ಲಿ ಪಿಚರನ ಪಾಲು ಎಲ್ಲರೂ ನಂಬಿದ್ದಕ್ಕಿಂತ ಬಹಳ ಕಡಿಮೆ, ಅದು ಬಹುಮಟ್ಟಿಗೆ ಫೀಲ್ಡರುಗಳ ಮತ್ತು ಅದೃಷ್ಟದ ಕೈಯಲ್ಲಿದೆ ಎಂದರು. ದೊಡ್ಡ ಗದ್ದಲವೆದ್ದಿತು. ಮುಂದೆ ಬಂದವರು ಆ ಮಾತನ್ನು ಅಷ್ಟಿಷ್ಟು ತಿದ್ದಿದರು, ತಳ್ಳಿಹಾಕಲಿಲ್ಲ. ಟ್ಯಾಂಪಾ ಬೇ ತಂಡ 2007ರಲ್ಲಿ 96 ಪಂದ್ಯ ಸೋತಿತ್ತು. ಮರುವರ್ಷ 97 ಗೆದ್ದು ವರ್ಲ್ಡ್ ಸೀರೀಸಿಗೆ ಹೋಯಿತು. ಅವರು ಮಾಡಿದ ದೊಡ್ಡ ಬದಲಾವಣೆಗಳಲ್ಲಿ ಫೀಲ್ಡರುಗಳನ್ನು ಬದಲಿಸಿದ್ದೂ ಒಂದು.

ಕ್ರಿಕೆಟ್ಟಿಗೆ ಇದನ್ನು ಹಾಗೆಯೇ ತಂದು ಅಂಟಿಸಲಾಗದು. ನಮ್ಮಲ್ಲಿ ಬೌಲ್ಡ್ ಇದೆ, ಎಲ್‌ಬಿಡಬ್ಲ್ಯು ಇದೆ, ಫೀಲ್ಡರನ ಹಂಗಿಲ್ಲದೆ ಬೌಲರ್ ತಾನೇ ವಿಕೆಟ್ ಪಡೆಯಬಲ್ಲ. ಆದರೂ ದೊಡ್ಡ ಬೌಲರುಗಳ ಹಿಂದೆ ದೊಡ್ಡ ಕೈಗಳಿದ್ದವು ಎಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಟೆಸ್ಟ್‌ಗಳಲ್ಲಿ ಅನಿಲ್ ಕುಂಬ್ಳೆ ಪಡೆದ 619 ವಿಕೆಟ್‌ಗಳಲ್ಲಿ 55 ರಾಹುಲ್ ದ್ರಾವಿಡ್ ಹಿಡಿದ ಕ್ಯಾಚುಗಳು, ಅಂದರೆ ಸುಮಾರು ಹನ್ನೊಂದಕ್ಕೊಂದು. ದ್ರಾವಿಡ್ ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದರು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಆ ದಾಖಲೆಯನ್ನು ದಾಟಿದರು. ಆ ದಾಖಲೆಯ ಕ್ಯಾಚು ಕೊಟ್ಟ ಬ್ಯಾಟರ್ ನಮ್ಮ ಕರುಣ್ ನಾಯರ್. ದ್ರಾವಿಡ್ ಅವರ ಬ್ಯಾಟಿಂಗ್ ಬಗ್ಗೆ ಬರೆದ ಪುಟಗಳ ಪಕ್ಕದಲ್ಲಿ ಆ ಕೈಗಳ ಬಗ್ಗೆ ಬರೆದ ಪುಟಗಳನ್ನು ಇಟ್ಟು ನೋಡಿದರೆ ನಮ್ಮ ಒಲವು ಯಾವ ಕಡೆಗೆ ಎಂದು ತಿಳಿಯುತ್ತದೆ.

ಈಗ ನಮ್ಮ ಅವಳಿ ನಗರದ ಮೈದಾನಗಳಿಗೆ ಬರೋಣ. ಯಾವುದಾದರೂ ಕೋಚಿಂಗ್ ನಡೆಯುವ ಮೈದಾನಕ್ಕೆ ಸಂಜೆ ನಾಲ್ಕೂವರೆಗೆ ಹೋಗಿ ನಿಲ್ಲಿ. ಎರಡು ನೆಟ್, ಪ್ಯಾಡು ಕಟ್ಟಿಕೊಂಡು ಸಾಲಾಗಿ ಕೂತ ಹುಡುಗರು, ಕಂಪೌಂಡಿನ ಆಚೆ ಸ್ಕೂಟರ್ ಮೇಲೆ ಕೂತ ಅಪ್ಪಂದಿರು. ಒಬ್ಬೊಬ್ಬರಿಗೆ ಹತ್ತು ನಿಮಿಷ ಬ್ಯಾಟಿಂಗ್. ಮಗ ಕವರ್ ಡ್ರೈವ್ ಹೊಡೆದರೆ ಅಪ್ಪನ ಮೊಬೈಲು ಮೇಲೇಳುತ್ತದೆ. ಫೀಲ್ಡಿಂಗ್ ಶುರುವಾಗುವುದು ಆರು ಗಂಟೆ ದಾಟಿದ ಮೇಲೆ, ಬೆಳಕು ಇಳಿಯುವಾಗ. ಕೋಚ್ ಚೆಂಡನ್ನು ಮೇಲಕ್ಕೆ ಹೊಡೆಯುತ್ತಾರೆ. ಸಾಲಿನಲ್ಲಿ ಮೊದಲ ಹುಡುಗ ಆಕಾಶ ನೋಡುತ್ತ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಅಲ್ಲಿಂದ ಮೂರು ಹೆಜ್ಜೆ ಹಿಂದೆ. ಚೆಂಡು ಅಂಗೈಯ ಬುಡಕ್ಕೆ ಬಡಿದು ಕೆಳಗೆ ಬೀಳುತ್ತದೆ. ಕೈ ಝಾಡಿಸುತ್ತ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಮೂವತ್ತು ಹುಡುಗರ ಸಾಲು. ಕತ್ತಲಾಗುವುದರೊಳಗೆ ಅವನಿಗೆ ಇನ್ನೊಂದು ಕ್ಯಾಚ್ ಸಿಕ್ಕರೆ ಪುಣ್ಯ. ಬೆರಳು ಮೇಲಕ್ಕಿರಬೇಕೋ ಕೆಳಗಿರಬೇಕೋ, ಚೆಂಡು ಬಂದಾಗ ಕೈ ಎಷ್ಟು ಹಿಂದಕ್ಕೆ ಸರಿಯಬೇಕು ಎಂದು ಅವನಿಗೆ ತಿಳಿಸಿ ಹೇಳಲು ಸಮಯವೇ ಇಲ್ಲ. ಬ್ಯಾಟಿಂಗಿನಲ್ಲಿ ಮೊಣಕೈ ಎರಡು ಇಂಚು ವಾರೆಯಾದರೆ ಅದೇ ಕೋಚ್ ಹತ್ತು ಸಲ ತಿದ್ದುತ್ತಾರೆ.

ತಪ್ಪು ಕೋಚಿನದೊಂದೇ ಅಲ್ಲ. ಇಲ್ಲಿಯ ಬಹಳ ಮೈದಾನಗಳ ನೆಲ ಗಟ್ಟಿ, ಬೇಸಿಗೆಯಲ್ಲಿ ಹುಲ್ಲು ಒಣಗಿ ಗರಸು ಮೇಲೇಳುತ್ತದೆ. ಅಂಥ ನೆಲದ ಮೇಲೆ ಡೈವ್ ಹೊಡಿ ಎಂದರೆ ಹುಡುಗನ ಮೊಣಕೈ ಮೊಣಕಾಲು ಸುಲಿಯುತ್ತದೆ. ಮರುದಿನ ಅವನ ತಾಯಿಯೇ ಬೇಡ ಎನ್ನುತ್ತಾಳೆ. ಚೆಂಡು ನೆಲ ಬಡಿದು ಯಾವ ಕಡೆ ಹಾರುತ್ತದೋ ಗೊತ್ತಿಲ್ಲದ ಮೈದಾನದಲ್ಲಿ ಬೆಳೆದವನು ಚೆಂಡಿನ ಹಿಂದೆ ಎದೆ ಕೊಟ್ಟು ಕೂರುವ ಬದಲು ಪಕ್ಕಕ್ಕೆ ಸರಿದು ಕೈ ಚಾಚುವುದನ್ನೇ ಕಲಿಯುತ್ತಾನೆ. ಹದಿನಾರರ ವಯಸ್ಸಿನಲ್ಲಿ ಹುಲ್ಲಿನ ಮೈದಾನಕ್ಕೆ ಹೋದಾಗ ಆ ಅಭ್ಯಾಸ ಜೊತೆಗೇ ಹೋಗುತ್ತದೆ. ಗದಗದ ಸುನೀಲ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಹೋಗುತ್ತಿದ್ದರು. ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಅಂಥ ಹಟದ ಹುಡುಗರಿಗೆ ಈ ಭಾಗದಲ್ಲಿ ಇಂದಿಗೂ ಕೊರತೆಯಿಲ್ಲ. ಅವರು ಬಿದ್ದು ಏಳಲು ಮೆತ್ತನೆಯ ನೆಲ ಇಲ್ಲ.

ದುಡ್ಡಿನ ಮಾತೂ ಇದೆ. ಮನೆಯವರು ಸಾಲ ಮಾಡಿಯಾದರೂ ಇಂಗ್ಲಿಷ್ ವಿಲ್ಲೋ ಬ್ಯಾಟು ಕೊಡಿಸುತ್ತಾರೆ. ಫೀಲ್ಡಿಂಗಿಗೆ ಕೊಂಡುಕೊಳ್ಳಬೇಕಾದ ಸಾಮಾನೇ ಇಲ್ಲ, ಅದಕ್ಕೆ ಬೇಕಾದದ್ದು ಬರಿ ಹೊತ್ತು. ಆಯ್ಕೆಯ ದಿನವೂ ಅಷ್ಟೆ. ಆಯ್ಕೆಗಾರರ ಮುಂದಿರುವ ಹಾಳೆಯಲ್ಲಿ ರನ್ ಇರುತ್ತದೆ, ವಿಕೆಟ್ ಇರುತ್ತದೆ. ಹದಿನೈದು ಓವರ್ ಪಾಯಿಂಟಿನಲ್ಲಿ ನಿಂತು ಹತ್ತು ರನ್ ಉಳಿಸಿದ ಹುಡುಗನ ಹೆಸರಿನ ಮುಂದೆ ಏನೂ ಇರುವುದಿಲ್ಲ. ಅವನು ಮುಂದಿನ ವರ್ಷ ಬ್ಯಾಟು ಹಿಡಿದು ನೆಟ್ಟಿನ ಸಾಲಿನಲ್ಲಿ ನಿಲ್ಲುತ್ತಾನೆ, ನಿಲ್ಲಲೇಬೇಕು.

ಮೇಲಿನ ಮಟ್ಟದಲ್ಲಿ ಗಾಳಿ ಬದಲಾಗಿದೆ. ಮೈಸೂರಿನಲ್ಲಿ ಹುಟ್ಟಿದ ಆರ್. ಶ್ರೀಧರ್ ವರ್ಷಗಟ್ಟಲೆ ಭಾರತ ತಂಡದ ಫೀಲ್ಡಿಂಗ್ ಕೋಚ್ ಆಗಿದ್ದರು. 2023ರ ವಿಶ್ವಕಪ್ಪಿನಲ್ಲಿ ಅವರ ನಂತರ ಬಂದ ಟಿ. ದಿಲೀಪ್ ಪ್ರತಿ ಪಂದ್ಯದ ಒಳ್ಳೆಯ ಫೀಲ್ಡರಿಗೆ ಡ್ರೆಸಿಂಗ್ ರೂಮಿನಲ್ಲಿ ಪದಕ ತೊಡಿಸುತ್ತಿದ್ದರು. ಕೋಟಿಗಟ್ಟಲೆ ಗಳಿಸುವ ಆಟಗಾರರು ಆ ಸಣ್ಣ ಪದಕಕ್ಕೆ ಮಕ್ಕಳಂತೆ ಕುಣಿದದ್ದನ್ನು ನಾವೆಲ್ಲ ನೋಡಿದೆವು. ಲೆಕ್ಕ ಇಟ್ಟರೆ, ಕರೆದು ಹೆಸರು ಹೇಳಿದರೆ, ಫೀಲ್ಡಿಂಗೂ ಆಸೆ ಹುಟ್ಟಿಸುವ ಕೆಲಸವಾಗುತ್ತದೆ. ಅದು ನಮ್ಮ ಅಂಡರ್-14 ಹುಡುಗರವರೆಗೆ ಇಳಿದು ಬರಬೇಕು.

ಎಲ್ಲ ಸೋಲಿಗೂ ಫೀಲ್ಡಿಂಗೇ ಕಾರಣ ಎಂದು ನಾನು ಹೇಳುತ್ತಿಲ್ಲ. ರಾಜನಗರದ ಫೈನಲ್ಲು ಬೌಲಿಂಗಿನಲ್ಲಿ ಹೋಯಿತು, ಗಂಗೋತ್ರಿ ಗ್ಲೇಡ್ಸ್ ಮೊದಲ ಇನಿಂಗ್ಸಿನ ಬ್ಯಾಟಿಂಗಿನಲ್ಲಿ ಹೋಯಿತು, ಹೆಡಿಂಗ್ಲೆ ಕೈಗಳಲ್ಲಿ ಹೋಯಿತು. ಆದರೆ ಮೂರರಲ್ಲಿ ಎರಡಕ್ಕೆ ಮಾತ್ರ ಲೆಕ್ಕ ಇಟ್ಟು ಮೂರನೆಯದನ್ನು ಬಾಯಿಮಾತಿಗೆ ಬಿಟ್ಟರೆ ಯಾವ ವಾದವೂ ನೆಟ್ಟಗೆ ಮುಗಿಯುವುದಿಲ್ಲ, ಯಾವ ಹುಡುಗನೂ ಸುಧಾರಿಸುವುದಿಲ್ಲ.

ಆದ್ದರಿಂದ ಧಾರವಾಡ ವಲಯದ ಲೀಗುಗಳನ್ನು ನಡೆಸುವವರಿಗೆ, ಶಾಲಾ ಟೂರ್ನಮೆಂಟ್ ನಡೆಸುವ ಪಿ.ಟಿ. ಮಾಸ್ತರುಗಳಿಗೆ, ಕ್ಲಬ್ಬಿನ ಸ್ಕೋರರುಗಳಿಗೆ ಒಂದು ವಿನಂತಿ. ಮುಂದಿನ ಸೀಸನ್ನಿನಿಂದ ಸ್ಕೋರ್ ಪುಸ್ತಕದ ಅಂಚಿನಲ್ಲಿ ಒಂದು ಕಾಲಂ ಗೆರೆ ಎಳೆಯಿರಿ. ಬಿಟ್ಟ ಕ್ಯಾಚು, ಆ ಹೊತ್ತಿಗೆ ಬ್ಯಾಟರನ ಸ್ಕೋರು, ತಪ್ಪಿದ ರನೌಟು, ಮಿಸ್‌ಫೀಲ್ಡಿನಿಂದ ಹೋದ ರನ್ನು, ಅದರ ಎದುರಿಗೆ ಉಳಿಸಿದ ರನ್ನು, ಹಿಡಿದ ಕಷ್ಟದ ಕ್ಯಾಚು. ಬಿಟ್ಟವನ ಹೆಸರು ಹದಿನಾಲ್ಕರ ಹುಡುಗರ ಪಂದ್ಯದಲ್ಲಿ ಹೊರಗೆ ಹೇಳುವುದು ಬೇಡ, ಅವನಿಗೂ ಕೋಚಿಗೂ ಗೊತ್ತಿದ್ದರೆ ಸಾಕು. ಉಳಿಸಿದವನ ಹೆಸರನ್ನು ಮಾತ್ರ ಮೈಕಿನಲ್ಲಿ ಕೂಗಿ ಹೇಳಿ. ಪೋಷಕರಲ್ಲೂ ಒಂದು ಮಾತು: ಮಗ ಮನೆಗೆ ಬಂದಾಗ ಎಷ್ಟು ರನ್ ಹೊಡೆದೆ ಎಂದು ಕೇಳುವ ಜೊತೆಗೆ ಎಷ್ಟು ರನ್ ಉಳಿಸಿದೆ ಎಂದೂ ಕೇಳಿ. ಇದಕ್ಕೆ ಹೊಸ ಸ್ಟೇಡಿಯಂ ಬೇಡ, ಸರ್ಕಾರದ ಅನುದಾನ ಬೇಡ. ಒಂದು ಪೆನ್ನು, ಒಂದು ಸ್ಕೇಲು, ಚೆಂಡಿನ ಮೇಲೆ ಕಣ್ಣಿಟ್ಟು ಕೂರುವ ಒಬ್ಬ ಸ್ಕೋರರ್ ಇದ್ದರೆ ಬರುವ ಭಾನುವಾರವೇ ಶುರು ಮಾಡಬಹುದು.